ಸೌಟು ಮುಟ್ಟದ ನಾಲ್ಕು ದಿನ

ನನಗೆ ಸಿಟ್ಟು ಬಂದಿದೆ. ಇವತ್ತು ನಿನ್ನೆ ಬಂದ ಸಿಟ್ಟಲ್ಲ. ಮದುವೆಯಾದಾಗಿನಿಂದ, ಇಪ್ಪತ್ತಾರು ವರ್ಷ, ಸಣ್ಣ ಉರಿಯ ಮೇಲೆ ಕುದಿಯುತ್ತಿದ್ದದ್ದು ಈ ಆಗಸ್ಟ್ ರಜೆಯಲ್ಲಿ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ತಪ್ಪು ಯಾರದೆಂದು ನೀವೇ ಹೇಳಿ. (ನನ್ನದೆಂದು ಹೇಳುವವರು ಇಲ್ಲಿಗೇ ಎದ್ದು ಹೋಗಬಹುದು.)

ನಮ್ಮ ಟ್ರಿನಿಡಾಡಿನವರಿಗೆ ರಜೆ ಎಂದರೆ ಪಕ್ಕದ ದ್ವೀಪ ಟೊಬೇಗೋ. ಪೋರ್ಟ್ ಆಫ್ ಸ್ಪೇನಿನಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು, ಸ್ಕಾರ್ಬರೋದಲ್ಲಿ ಇಳಿದು, ‘ಆಹಾ, ಏನು ಗಾಳಿ!’ ಎನ್ನುವುದು ನಮ್ಮ ಪದ್ಧತಿ. ಬೇರೆ ದೇಶದವರು ಸಮುದ್ರಸ್ನಾನಕ್ಕೆ ಹೋಗುವಾಗ ಒಂದು ಟವೆಲು, ಒಂದು ಟೋಪಿ ಹಿಡಿದು ಹೋಗುತ್ತಾರಂತೆ. ನಾವು ಕಬ್ಬಿಣದ ದೊಡ್ಡ ಪಾತ್ರೆ, ಗ್ಯಾಸ್ ಒಲೆ, ಅಕ್ಕಿ ಮೂಟೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಸಾಲೆ ಹಚ್ಚಿದ ಕೋಳಿ, ಸುಲಿದ ತೊಗರಿಕಾಳು ಎಲ್ಲ ಹೊತ್ತುಕೊಂಡು ಹೋಗುತ್ತೇವೆ. ಹೋದಲ್ಲಿ ಪೆಲಾವು ಆಗಲೇಬೇಕು. ಸಕ್ಕರೆ ಸುಟ್ಟು ಅದರಲ್ಲಿ ಕೋಳಿಯನ್ನು ಕೆಂಪಗೆ ಮಾಡಿ, ಅಕ್ಕಿ ಕಾಳು ಸುರಿದು ಬೇಯಿಸಿದ ಆ ಪೆಲಾವನ್ನು ತಿನ್ನದೆ ನೀರಿಗಿಳಿದರೆ ಅಲೆ ಎತ್ತಿಕೊಂಡು ಹೋದೀತೆಂದು ನಮ್ಮವರ ನಂಬಿಕೆ. ಅದನ್ನು ಮಾಡುವವರು ಯಾರು ಎಂದು ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಅದು ಅಲೆಯ ಜೊತೆ ತಾನಾಗಿ ಬಂದು ದಡಕ್ಕೆ ಬೀಳುತ್ತದೆಂದು ತಿಳಿದಿದ್ದಾರೋ ಏನೋ.

ಕಳೆದ ವರ್ಷ ಬಾಡಿಗೆಗೆ ಹಿಡಿದ ಮನೆಯ ಅಡುಗೆಮನೆಗೆ ಒಂದು ಕಿಟಕಿಯಿತ್ತು. ಅದರಲ್ಲಿ ಅಂಗೈಯಗಲ ಸಮುದ್ರ ಕಾಣುತ್ತಿತ್ತು. ನಾಲ್ಕು ದಿನ ನಾನು ನೋಡಿದ ಟೊಬೇಗೋ ಅಷ್ಟೇ. ನನ್ನ ಗಂಡ ಲಾಲ್‌ಚನ್ ಒದ್ದೆ ಚಡ್ಡಿಯಲ್ಲಿ ನೀರು ತೊಟ್ಟಿಕ್ಕಿಸುತ್ತ ಬಾಗಿಲಿಗೆ ಬಂದು ನಿಂತ.

“ಮಿಂತ್ರಾ, ನೀರು ಎಷ್ಟು ಬೆಚ್ಚಗಿದೆ ಗೊತ್ತಾ?”

“ಗೊತ್ತು. ಈಗ ತಾನೇ ಅಕ್ಕಿ ಹಾಕ್ದೆ,” ಎಂದೆ.

ಅವನಿಗೆ ಅರ್ಥವಾಗಲಿಲ್ಲ. “ಆಯ್ತಾ? ಹಸಿವಾಗ್ತಿದೆ,” ಎಂದು ಹೋದ.

ಆದ್ದರಿಂದ ಈ ವರ್ಷ, ಜುಲೈ ತಿಂಗಳ ಒಂದು ಭಾನುವಾರ, ಕೂವಾ ಊರಿನ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು ಘೋಷಣೆ ಹೊರಡಿಸಿದೆ. ಊಟಕ್ಕೆ ಲಾಲ್‌ಚನ್‌ನ ಅಕ್ಕ ಬಸ್ಮತಿಯೂ ಬಂದಿದ್ದಳು. (ಯಾವ ಭಾನುವಾರ ಬಂದಿರಲಿಲ್ಲ ಎಂದು ಕೇಳಿ, ಆ ಪಟ್ಟಿ ಚಿಕ್ಕದು.) ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎನ್ನುವಂತೆ ಇವಳ ಹೆಸರು ಬಸ್ಮತಿ, ಅನ್ನಕ್ಕಿಟ್ಟರೆ ಗಂಜಿ.

“ಈ ಸಲ ಟೊಬೇಗೋಗೆ ಪಾತ್ರೆ ಬರಲ್ಲ,” ಎಂದೆ. “ನಾನು ಅಡುಗೆ ಮಾಡಲ್ಲ. ನಾಲ್ಕು ದಿನವೂ ಹೊರಗೆ ಊಟ.”

ಲಾಲ್‌ಚನ್‌ನ ರೊಟ್ಟಿ ಅರ್ಧ ದಾರಿಯಲ್ಲಿ ನಿಂತಿತು.

“ಹೊರಗೆ ಅಂದ್ರೆ? ಅಂಗಳದಲ್ಲಾ?”

“ಹೋಟೆಲಲ್ಲಿ!”

“ಹೋಟೆಲಲ್ಲಿ ಯಾರು ಮಾಡ್ತಾರೆ?”

“ನಾನಲ್ಲ! ಅದಕ್ಕೇ ಹೋಗೋದು!”

ಬಸ್ಮತಿ ಬೆರಳು ನೆಕ್ಕಿಕೊಂಡು ನಕ್ಕಳು. “ಅಯ್ಯೋ ದುಲಹಿನ್...” (ದುಲಹಿನ್ ಎಂದರೆ ಹೊಸ ಮದುವಣಗಿತ್ತಿ. ತಲೆಗೂದಲು ನರೆತು ಬಣ್ಣ ಹಚ್ಚುವ ಕಾಲ ಬಂದರೂ ಆಕೆಗೆ ನಾನು ಹೊಸ ಮದುವಣಗಿತ್ತಿಯೇ. ಕೆಲಸ ಹೇಳಲು ಅನುಕೂಲ.) “ನೀನು ಸೌಟು ಬಿಟ್ಟು ನಾಲ್ಕು ದಿನ ಇರ್ತೀಯಾ? ಎರಡನೇ ದಿನಕ್ಕೇ ಯಾರದೋ ಒಲೆ ಮುಂದೆ ನಿಂತಿರ್ತೀಯ, ನೋಡ್ತಿರು.”

“ನಿಂತ್ರೆ ಕೇಳಿ, ದೀದೀ.”

“ಕೇಳೋದಲ್ಲ, ಪಂದ್ಯ ಕಟ್ಟು.”

ನಾನು ಕಟ್ಟಿದೆ. ಅದೂ ಎಂಥ ಪಂದ್ಯ! ನಾವು ಹಿಂದೂಗಳು. ಆದರೆ ದೀಪಾವಳಿಯೂ ನಮ್ಮದೇ, ಕ್ರಿಸ್ಮಸ್ಸೂ ನಮ್ಮದೇ, ತಿನ್ನುವ ವಿಷಯದಲ್ಲಿ ನಮ್ಮ ದ್ವೀಪದಲ್ಲಿ ಯಾರಿಗೂ ಭೇದಭಾವವಿಲ್ಲ. ಅತ್ತೆಯ ಕೈಲಾಗದ ವರ್ಷದಿಂದ ಇಡೀ ಬಳಗದ ಕ್ರಿಸ್ಮಸ್ ನಮ್ಮ ಮನೆಯಲ್ಲೇ. ಮೂವತ್ತೊಂದು ತಲೆ. ತಿಂಗಳುಗಟ್ಟಲೆ ಮೊದಲೇ ಹಣ್ಣು ರಮ್ಮಿನಲ್ಲಿ ನೆನೆಹಾಕಿ ಕಪ್ಪು ಕೇಕು ಮಾಡಬೇಕು. ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸದ ಹೂರಣ ಇಟ್ಟು, ಬಾಳೆಲೆಯಲ್ಲಿ ಮಡಿಚಿ, ದಾರ ಕಟ್ಟಿ ಬೇಯಿಸುವ ಪಾಸ್ಟೆಲ್ ಇನ್ನೂರಾದರೂ ಬೇಕು. ಬಸ್ಮತಿ ಪ್ರತಿವರ್ಷ ಒಂದು ಬಾಟಲಿ ಬಣ್ಣದ ಸೋಡಾ ತರುತ್ತಾಳೆ, ಹೋಗುವಾಗ ಮೂರು ಡಬ್ಬಿ ಒಯ್ಯುತ್ತಾಳೆ. ಡಬ್ಬಿಯೂ ನನ್ನವೇ.

“ನಾಲ್ಕು ದಿನ ನಾನು ಸೌಟು ಮುಟ್ಟದಿದ್ರೆ ಈ ಕ್ರಿಸ್ಮಸ್ ನಿಮ್ಮನೇಲಿ, ದೀದೀ. ನೀವು ಮಾಡಿ, ನಾನು ಸೋಡಾ ತರ್ತೀನಿ.”

“ಮುಟ್ಟಿದ್ರೆ?”

“ಮುಟ್ಟಿದ್ರೆ ನಾನು ಬದುಕಿರೋವರೆಗೂ ನಮ್ಮನೇಲೇ. ಒಂದು ಮಾತು ಗೊಣಗಲ್ಲ.”

“ಒಂದೂ ಗೊಣಗಲ್ವಾ?” ಎಂದು ಲಾಲ್‌ಚನ್ ಕೇಳಿದ. ಆ ಕ್ಷಣವೇ ಅವನು ಯಾರ ಪಕ್ಷ ಸೇರಿದನೆಂದು ನನಗೆ ಗೊತ್ತಾಯಿತು.

ತೀರ್ಪುಗಾರರಾಗಿ ಅತ್ತೆಯನ್ನು ನೇಮಿಸಲಾಯಿತು. ಅವರನ್ನು ನಾವೆಲ್ಲ ಮಾ ಎನ್ನುತ್ತೇವೆ. ಎಂಬತ್ತೊಂದು ವರ್ಷ, ಬಾಯಲ್ಲಿ ಹಲ್ಲಿಲ್ಲ, ಆದರೆ ಕಣ್ಣಿನಿಂದ ಒಂದು ನೊಣವೂ ತಪ್ಪಿಸಿಕೊಳ್ಳುವುದಿಲ್ಲ. “ಆಗ್ಲಿ,” ಎಂದರು ಮಾ.

ಪೆಲಾವಿಲ್ಲ ಎಂಬ ಸುದ್ದಿ ಹಬ್ಬಿದ್ದೇ ತಡ, ರಜೆಗೆ ಬರಬೇಕಿದ್ದ ಮಿಕ್ಕವರಿಗೆಲ್ಲ ಇದ್ದಕ್ಕಿದ್ದಂತೆ ಬೇರೆ ಕೆಲಸ ಬಂತು. ಹಡಗು ಹತ್ತಿದ್ದು ನಾವು ನಾಲ್ಕೇ ಜನ. ನಾನು, ಲಾಲ್‌ಚನ್, ಮಾ ಮತ್ತು ಬಸ್ಮತಿ. ಬಸ್ಮತಿ ಬಂದದ್ದು ರಜೆಗಲ್ಲ, ಕಾವಲಿಗೆ.

ಮೊದಲ ದಿನ, ಗುರುವಾರ, ಸಮುದ್ರದಂಡೆಯ ಒಂದು ಭಾರೀ ಹೋಟೆಲಿಗೆ ಹೋದೆವು. ಬಿಳಿ ಬಟ್ಟೆ ಹಾಸಿದ ಮೇಜು, ಮಡಿಚಿ ನಿಲ್ಲಿಸಿದ ಕರವಸ್ತ್ರ, ಮೀಸೆ ಹಣ್ಣಾದ ಬಡಿಸುವಾತ. ನಾನು ಮಹಾರಾಣಿಯ ಗತ್ತಿನಲ್ಲಿ ಪಟ್ಟಿ ಬಿಡಿಸಿದೆ. ಎರಡು ಪುಟ ತುಂಬ ಇತ್ತು.

“ಸೀಗಡಿ ಕೊಡಿ.”

“ನಿನ್ನೆ ಇತ್ತು, ಮೇಡಂ.”

“ಮೇಕೆ ಮಾಂಸ?”

“ನಾಳೆ ಬರುತ್ತೆ.”

“ಮೀನು?”

“ದೋಣಿ ಇನ್ನೂ ಬಂದಿಲ್ಲ.”

“ಹಾಗಾದ್ರೆ ಏನಿದೆ?”

“ಕೋಳಿ.”

“ಮತ್ತೆ ಇಷ್ಟುದ್ದ ಪಟ್ಟಿ ಯಾಕ್ರೀ ಕೊಟ್ರಿ?”

“ಓದಕ್ಕೆ, ಮೇಡಂ. ಕೋಳಿ ಬರೋ ತನಕ ಹೊತ್ತು ಹೋಗ್ಬೇಕಲ್ಲ. ಈಗ ಬಂತು.”

ನಮ್ಮ ಎರಡೂ ದ್ವೀಪಗಳಲ್ಲಿ ‘ಈಗ ಬಂತು’ ಎಂದರೆ ಇವತ್ತು ಬಂದರೂ ಬರಬಹುದು ಎಂದರ್ಥ. ನಾನು ಪಟ್ಟಿಯನ್ನು ಮೂರು ಸಲ ಓದಿ ಮುಗಿಸಿದ ಮೇಲೆ ಕೋಳಿ ದಯಮಾಡಿಸಿತು. ಎಮ್ಮೆ ಮಲಗುವಷ್ಟು ದೊಡ್ಡ ತಟ್ಟೆ, ನಡುವೆ ಕೋಳಿಯ ಒಂದು ತುಂಡು, ಅದರ ಸುತ್ತ ಕೆಂಪು ಗೊಜ್ಜಿನಲ್ಲಿ ಎಳೆದ ಮೂರು ಗೆರೆ. ಲಾಲ್‌ಚನ್ ಕರವಸ್ತ್ರ ತೆಗೆದು ಆ ಗೆರೆಗಳನ್ನು ಚೆನ್ನಾಗಿ ಒರೆಸಿದ. “ತಟ್ಟೆ ತೊಳೆದೇ ಇಲ್ಲ ಕಣೇ,” ಎಂದ.

ತುತ್ತು ಬಾಯಿಗಿಟ್ಟೆ. ಉಪ್ಪಿಲ್ಲ. ಖಾರವಿಲ್ಲ. ಆ ಕೋಳಿ ಬದುಕಿದ್ದಾಗ ಒಂದು ಈರುಳ್ಳಿಯ ಮುಖವನ್ನೂ ನೋಡಿರಲಿಲ್ಲ, ಸತ್ತ ಮೇಲೂ ನೋಡಿರಲಿಲ್ಲ. ಮೈಯೆಲ್ಲ ಉರಿಯಿತು. ಎದುರಿಗೆ ಬಸ್ಮತಿ ಗಲ್ಲಕ್ಕೆ ಕೈಕೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೆಂಗಿದೆ, ದುಲಹಿನ್?”

“ಅಮೃತ,” ಎಂದೆ.

“ಉಪ್ಪು ಸ್ವಲ್ಪ ಕಮ್ಮಿ ಅನ್ಸಲ್ವಾ?”

“ನಂಗೆ ಹೀಗೇ ಇಷ್ಟ.”

ಒಳಗೆ ಹೋಗಿ ಆ ಅಡುಗೆಯವನ ಕಿವಿ ಹಿಂಡಬೇಕೆಂದು ಬಲಗೈ ತುಡಿಯುತ್ತಿತ್ತು. ಅದನ್ನು ತೊಡೆಯ ಕೆಳಗಿಟ್ಟುಕೊಂಡು ಎಡಗೈಯಲ್ಲಿ ಊಟ ಮುಗಿಸಿದೆ. (ಮಾ ಅದನ್ನೂ ನೋಡಿದರು.)

ಶುಕ್ರವಾರ ಅಂಗಡಿ ಸುತ್ತುವ ಕಾರ್ಯಕ್ರಮ. ಟೊಬೇಗೋಗೆ ಹೋಗಿ ಬರಿಗೈಯಲ್ಲಿ ವಾಪಸಾದವರನ್ನು ನಮ್ಮೂರಿನಲ್ಲಿ ಸಾವಿನ ಮನೆಗೆ ಹೋಗಿ ಅಳದೆ ಬಂದವರಂತೆ ನೋಡುತ್ತಾರೆ. ಅಕ್ಕಪಕ್ಕದ ಮನೆಗಳಿಗೆ, ದೇವಸ್ಥಾನದ ಪಂಡಿತರಿಗೆ, ದರ್ಜಿಗೆ, ದರ್ಜಿಯ ಅತ್ತಿಗೆಗೆ ಎಲ್ಲರಿಗೂ ಏನಾದರೂ ಬೇಕು. ಮುಖ್ಯವಾಗಿ ಎಳ್ಳುಂಡೆ. ಟೊಬೇಗೋದ ಎಳ್ಳುಂಡೆ ಬಹಳ ಪ್ರಸಿದ್ಧ, ಬಹಳ ಗಟ್ಟಿ. ಅದನ್ನು ಕಚ್ಚಿ ಹಲ್ಲು ಕಳಕೊಂಡವರು ನಮ್ಮ ಬಳಗದಲ್ಲೇ ಇಬ್ಬರಿದ್ದಾರೆ. ಮಾ ಮಾತ್ರ ಕಳಕೊಳ್ಳುವುದೇನೂ ಇಲ್ಲದ ಧೈರ್ಯದಿಂದ ಒಂದನ್ನು ತೆಗೆದು ದವಡೆಗೆ ಒತ್ತರಿಸಿದರು. ಅಲ್ಲಿಂದ ಮುಂದೆ ನಮ್ಮ ನ್ಯಾಯಾಲಯ ಬರೀ ತಲೆ ಆಡಿಸುತ್ತಿತ್ತು, ಮಾತಿಲ್ಲ.

ಸ್ಕಾರ್ಬರೋ ಪೇಟೆಯಲ್ಲಿ ಒಂದು ಟೋಪಿ ಕೈಗೆತ್ತಿಕೊಂಡೆ. ಒಣಗಿದ ಗರಿಯಲ್ಲಿ ಹೆಣೆದದ್ದು.

“ಎಷ್ಟಮ್ಮ?”

“ಮೂವತ್ತು ಡಾಲರ್, ಡಾರ್ಲಿಂಗ್. ಅಮೆರಿಕದ್ದು.”

“ಅಮೆರಿಕದ್ದು ಯಾವುದು? ಟೋಪಿನಾ, ಡಾಲರಾ?”

“ಡಾಲರ್.” (ನಮ್ಮ ದೇಶದ ಡಾಲರೇ ಬೇರೆ. ಅಮೆರಿಕದ ಒಂದಕ್ಕೆ ನಮ್ಮವು ಆರೇಳು.)

“ನನ್ನ ಮುಖ ನೋಡಿದ್ರೆ ಅಮೆರಿಕದವಳ ಹಾಗೆ ಕಾಣುತ್ತಾ ನಿಂಗೆ? ಕೂವಾದವಳು ನಾನು!”

ಟೋಪಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಟ್ರಿನಿಡಾಡಾ? ಮತ್ತೆ ಪಾತ್ರೆ ಎಲ್ಲಿ? ಪಾತ್ರೆ ಇಲ್ದೆ ಓಡಾಡ್ತಿದೀರಲ್ಲ, ಹೊರದೇಶದೋರು ಅಂದ್ಕೊಂಡೆ.”

ಪಕ್ಕದ ಅಂಗಡಿಯವಳೂ ಬಾಯಿ ಹಾಕಿದಳು. “ಟ್ರಿನಿಡಾಡಿನೋರಾದ್ರೆ ಟೋಪಿ ಎತ್ತಿಡೇ. ಅವ್ರು ಕೊಳ್ಳೋರಲ್ಲ. ತಂದಿದ್ದು ತಿಂದು, ಮೂಳೆ ನಮ್ಮ ದಂಡೆ ಮೇಲೆ ಬಿಟ್ಟು ಹೋಗೋರು.”

ಆ ಮೂಳೆಗಳಲ್ಲಿ ಅರ್ಧ ನನ್ನ ಪೆಲಾವಿನವೇ ಎಂಬುದು ನಿಜ. ನಿಜ ಹೇಳಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ರೊಚ್ಚಿಗೆದ್ದು ಒಂದಲ್ಲ, ನಾಲ್ಕು ಟೋಪಿ ಕೊಂಡೆ. ಲಾಲ್‌ಚನ್‌ನ ತಲೆಗೆ ಒಂದೂ ಹಿಡಿಸಲಿಲ್ಲ. ಆದರೂ ನಾಲ್ವರೂ ಟೋಪಿ ಹಾಕಿಸಿಕೊಂಡೇ ಹೊರಬಿದ್ದೆವು.

ಮುಂದಿನ ಅಂಗಡಿಯಲ್ಲಿ ಟೊಬೇಗೋ ಎಂದು ದೊಡ್ಡದಾಗಿ ಬರೆದ, ತೆಂಗಿನಮರದ ಚಿತ್ರವಿದ್ದ ಅಂಗಿಗಳಿದ್ದವು. ಹನ್ನೆರಡು ಆರಿಸಿದೆ. ಕಾಲರಿನ ಒಳಗೆ ನೋಡಿದರೆ ಇಂಡಿಯಾದಲ್ಲಿ ತಯಾರಾದದ್ದು ಎಂದಿತ್ತು. ನನ್ನ ಮುತ್ತಜ್ಜಿ ಆ ದೇಶ ಬಿಟ್ಟು, ತಿಂಗಳುಗಟ್ಟಲೆ ಹಡಗಿನಲ್ಲಿ ಉರುಳಾಡಿ, ಕಬ್ಬಿನ ತೋಟದಲ್ಲಿ ಕೂಲಿ ಮಾಡಲು ಇಲ್ಲಿಗೆ ಬಂದಳು. ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಈ ಅಂಗಿ ಅವಳನ್ನು ಹುಡುಕಿಕೊಂಡು ಬಂದ ಹಾಗಿತ್ತು. ಸಿಟ್ಟಿನಲ್ಲೂ ಆ ಕಾಲರನ್ನು ಒಮ್ಮೆ ಸವರಿದೆ. ಹನ್ನೆರಡನ್ನೂ ಕೊಂಡೆ. ಲಾಲ್‌ಚನ್ ಗಂಟು ಹೊತ್ತುಕೊಂಡು, “ಇದಕ್ಕಿಂತ ಪಾತ್ರೇನೇ ಹಗುರ ಇತ್ತು,” ಎಂದು ಗೊಣಗಿದ. ಕೇಳಿಸದವಳಂತೆ ಮುಂದೆ ನಡೆದೆ.

ಶನಿವಾರ ಮೂರು ಹೊತ್ತು ಮೂರು ಕಡೆ ತಿಂದು ಮೂರು ಬಗೆಯಲ್ಲಿ ಸಿಟ್ಟಾದೆ. ಬೆಳಿಗ್ಗೆ ಹುರಿದ ಮೀನಿಗೆ ಹುಳಿ ಇರಲಿಲ್ಲ. ಮಧ್ಯಾಹ್ನದ ಸೂಪಿನಲ್ಲಿ ಕೋಳಿಕಾಲನ್ನು ಬಲೆ ಹಾಕಿ ಹುಡುಕಬೇಕಿತ್ತು. ಸಂಜೆ ಒಂದು ಕಡೆ ರೊಟ್ಟಿ ಎಂದು ಕೊಟ್ಟದ್ದನ್ನು ಲಾಲ್‌ಚನ್ ನನ್ನ ಹೊಸ ಟೋಪಿಯೆಂದು ತಿಳಿದು ಪಕ್ಕಕ್ಕಿಟ್ಟ. ಮೂರು ಸಲವೂ ನಾನು ‘ಅಮೃತ’ ಎಂದೆ.

ಆದರೆ ಒಂದು ಮಾತು ಹೇಳದೆ ಇರಲಾರೆ. ಅದೇ ಶನಿವಾರ, ಎರಡು ಊಟಗಳ ನಡುವೆ, ನಾನು ಸಮುದ್ರಕ್ಕಿಳಿದೆ. ಕಾಲು ತೋಯಿಸಿದ್ದಲ್ಲ, ಕುತ್ತಿಗೆಯವರೆಗೆ. ಒಲೆಯ ಮೇಲೆ ಏನೂ ಇರಲಿಲ್ಲ. ಯಾರೂ ‘ಆಯ್ತಾ’ ಎಂದು ಕೂಗಲಿಲ್ಲ. ನೀರು ನಿಜಕ್ಕೂ ಬೆಚ್ಚಗಿತ್ತು. ನನಗೆ ಅಳು ಬಂತು, ಸುತ್ತಲೂ ಉಪ್ಪುನೀರೇ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಈ ಕ್ರಿಸ್ಮಸ್‌ನಲ್ಲೂ ಹೀಗೇ ಎಲ್ಲಾದರೂ ಸುಮ್ಮನೆ ಕೂತಿರುತ್ತೇನೆ, ಕೈಯಲ್ಲಿ ಬಣ್ಣದ ಸೋಡಾ ಹಿಡಿದು, ಎಂದುಕೊಂಡೆ.

ಭಾನುವಾರ ಸಂಜೆ ನಾಲ್ಕಕ್ಕೆ ಹಡಗು. ಮಧ್ಯಾಹ್ನದ ಒಂದು ಊಟ ದಾಟಿದರೆ ನಾನು ಗೆದ್ದ ಹಾಗೆ. ಬಸ್ಮತಿಯ ಮುಖ ಒಣಗಿತ್ತು. ಇನ್ನೂರು ಪಾಸ್ಟೆಲ್‌ಗೆ ಎಷ್ಟು ಬಾಳೆಲೆ ಬೇಕೆಂದು ಬೆಳಿಗ್ಗೆ ನನ್ನನ್ನೇ ಮೆಲ್ಲಗೆ ಕೇಳಿದ್ದಳು. ಆ ಸುಖವನ್ನು ಏನೆಂದು ಹೇಳಲಿ.

ಊಟಕ್ಕೆ ದಂಡೆಯ ಮೇಲಿನ ಮಿಸ್ ಯೂಲಾಲಿಯ ಗೂಡಂಗಡಿಗೆ ಹೋದೆವು. ಟೊಬೇಗೋಗೆ ಬಂದು ಏಡಿ ಸಾರು, ಮೈದಾ ನಾದಿ ಬೇಯಿಸಿದ ದಪ್ಪ ಬಿಲ್ಲೆ ತಿನ್ನದೆ ಹೋಗಬಾರದೆಂದು ಎಲ್ಲರೂ ಹೇಳುತ್ತಾರೆ. ಅಂಗಡಿಯ ಮುಂದೆ ಉದ್ದ ಸಾಲು. ಒಳಗೆ ಮಿಸ್ ಯೂಲಾಲಿ, ಅರವತ್ತು ದಾಟಿದ ಹೆಂಗಸು, ಬಾಗಿಲಿನಷ್ಟು ಅಗಲ, ಒಂದು ಚಿನ್ನದ ಹಲ್ಲು. ಬಡಿಸುವಾಗ ಯಾರ ಮುಖವನ್ನೂ ನೋಡುವುದಿಲ್ಲ, ತಟ್ಟೆಯನ್ನು ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟಂತೆ ಮುಂದೆ ತಳ್ಳುತ್ತಾಳೆ.

ಲಾಲ್‌ಚನ್ ಏಡಿಯ ಕಾಲು ಮುರಿದ. ಚೀಪಿದ. ಇನ್ನೊಂದು ಮುರಿದ. ಹತ್ತು ನಿಮಿಷ ಅವನ ತಲೆ ತಟ್ಟೆಯಿಂದ ಮೇಲೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ನಮ್ಮ ಮದುವೆಯ ದಿನ ಮಾತ್ರ. ಆಮೇಲೆ ಬೆರಳು ನೆಕ್ಕಿ, ಗಂಟಲು ಸರಿಮಾಡಿಕೊಂಡ.

“ಮಿಂತ್ರಾ, ಬೇಜಾರ್ ಮಾಡ್ಕೋಬೇಡ. ಇದು ನೀನ್ ಮಾಡೋ ಏಡಿಗಿಂತ ಚೆನ್ನಾಗಿದೆ.”

“ಏನಂದೆ?”

“ಚೆನ್ನಾಗಿದೆ ಅಂದೆ.”

“ಅದರ ಹಿಂದೆ ಏನಂದೆ?”

“ಬೇಜಾರ್ ಮಾಡ್ಕೋಬೇಡ ಅಂದೆ.”

ಬಸ್ಮತಿಯ ಮುಖಕ್ಕೆ ಜೀವ ಬಂತು. “ನಾನು ಹೇಳ್ಬಾರ್ದು ಅಂತಿದ್ದೆ, ದುಲಹಿನ್. ಅವನೇ ಹೇಳ್ದ. ನಿಂದು ಸ್ವಲ್ಪ ಘಾಟು, ಅಲ್ವಾ ಮಾ?”

ಮಾ, ಬಾಯಲ್ಲಿ ಎಳ್ಳುಂಡೆ ಇಟ್ಟುಕೊಂಡೇ ತಟ್ಟೆಯ ಸಾರನ್ನು ಬೆರಳಲ್ಲಿ ನೆಕ್ಕುತ್ತಿದ್ದವರು, ಹೌದೆಂದು ತಲೆಯಾಡಿಸಿದರು.

ನಾನು ಇನ್ನೊಮ್ಮೆ ರುಚಿ ನೋಡಿದೆ. ತೆಂಗಿನ ಹಾಲು ಸುರಿದು ಪಾಯಸ ಮಾಡಿಟ್ಟಿದ್ದಾಳೆ. ಮಸಾಲೆ ಪುಡಿ ಎಣ್ಣೆಯಲ್ಲಿ ಹುರಿದೇ ಇಲ್ಲ, ಹಸಿ ವಾಸನೆ. ನಮ್ಮ ಕಡೆ ಹತ್ತು ವರ್ಷದ ಹುಡುಗಿಗೂ ಗೊತ್ತು, ಮಸಾಲೆ ಎಣ್ಣೆ ಬಿಡುವವರೆಗೆ ಹುರಿಯಬೇಕೆಂದು. ಇದು ನನ್ನದಕ್ಕಿಂತ ಚೆನ್ನಾಗಿದೆಯಂತೆ! ನಾನು ಎದ್ದೆ.

“ಎಲ್ಲಿಗೆ?” ಎಂದ ಲಾಲ್‌ಚನ್.

“ಕೈ ತೊಳೆಯಕ್ಕೆ!”

ಸಾಲನ್ನು ಸೀಳಿಕೊಂಡು ಅಂಗಡಿಯ ಮುಂದೆ ನಿಂತೆ. “ಮಿಸ್ ಯೂಲಾಲಿ, ಒಂದು ಮಾತು. ನೀವು ಮಸಾಲೆ ಹುರಿದಿಲ್ಲ.”

ಆಕೆ ತಲೆ ಎತ್ತಲಿಲ್ಲ. “ಟ್ರಿನಿಡಾಡಿಂದ ಬಂದ್ಯಾ?”

“ಹೆಂಗೊತ್ತಾಯ್ತು?”

“ತಟ್ಟೆ ಖಾಲಿ ಮಾಡಿ ಆಮೇಲೆ ಪಾಠ ಹೇಳಕ್ಕೆ ಬರೋರು ನೀವೊಬ್ರೇ. ಮೂವತ್ತು ವರ್ಷದಿಂದ ನೋಡ್ತಿದೀನಿ. ಮುಂದಿನೋರು ಯಾರು?”

“ನಿಮಗೆ ಯಾರು ಕಲಿಸಿದ್ರು ಇದನ್ನ?”

“ನಮ್ಮಜ್ಜಿ.”

“ನಿಮ್ಮಜ್ಜಿಗೆ ಯಾರು ಕಲಿಸಿದ್ರು? ಈ ಮಸಾಲೇನ ಇಲ್ಲಿಗೆ ತಂದೋರು ನಮ್ಮ ಮುತ್ತಜ್ಜಿ!”

ಈಗ ಆಕೆ ತಲೆ ಎತ್ತಿದಳು. ಚಿನ್ನದ ಹಲ್ಲು ಹೊಳೆಯಿತು. “ತಂದ್ರು, ಸರಿ ತಾಯಿ. ತೆಂಗಿನಮರ ನಮ್ಮದು, ಏಡಿ ನಮ್ಮದು, ಸಮುದ್ರ ನಮ್ಮದು. ನೀವು ಬರೀ ಪುಡಿ ತಂದ್ರಿ.”

ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನನ್ನ ಕಿವಿಯಿಂದ ಹೊಗೆ ಹೊರಟಿತು. ನನ್ನ ಅಜ್ಜಿ, ಮುತ್ತಜ್ಜಿ, ಕೂವಾ ಊರು, ಇಡೀ ಟ್ರಿನಿಡಾಡಿನ ಮಾನ ಆ ಗೂಡಂಗಡಿಯ ಕಟ್ಟೆಯ ಮೇಲೆ ಬಿದ್ದಿತ್ತು. ಮಿಸ್ ಯೂಲಾಲಿ ಪಕ್ಕದ ಅರೆಬಾಗಿಲು ತೆರೆದಳು.

“ಬಾಯಲ್ಲಿ ಎಲ್ರೂ ಹುರೀತಾರೆ. ಬಾ ಒಳಗೆ, ತೋರ್ಸು.”

ಮುಂದೆ ಏನಾಯಿತೋ ನನಗೆ ನೆನಪಿಲ್ಲ. (ನೆನಪಿದೆ, ಹೇಳಲು ನಾಚಿಕೆ.) ಎಣ್ಣೆ ಕಾಯಿಸಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಮಸಾಲೆಯನ್ನು ನೀರಲ್ಲಿ ಕಲಸಿ ಸುರಿದಾಗ ಚೊಂಯ್ ಎಂದ ಸದ್ದಿಗೆ ಸಾಲಿನಲ್ಲಿದ್ದವರ ನಗು ನಿಂತಿತು. ಎಣ್ಣೆ ಬಿಟ್ಟುಕೊಂಡಿತು. ಏಡಿ ಬಿತ್ತು, ಗುಂಡು ಮೆಣಸಿನಕಾಯಿ ಬಿತ್ತು. ಘಮ ಹೊರಗೆ ಹೋಯಿತು, ಜನ ಮೂಗರಳಿಸಿಕೊಂಡು ಹತ್ತಿರ ಬಂದರು. “ನಂಗೆ ಅದು, ನಂಗೆ ಅದು,” ಎಂದರು. ನಾನು ಬಡಿಸಿದೆ. ಮೂರು ದಿನದ ಉಪ್ಪಿಲ್ಲದ ಕೋಳಿ, ಹುಳಿಯಿಲ್ಲದ ಮೀನು, ಟೋಪಿಯಂಥ ರೊಟ್ಟಿ ಎಲ್ಲದರ ಸೇಡನ್ನೂ ಆ ಒಂದು ಪಾತ್ರೆಯಲ್ಲಿ ತೀರಿಸಿಕೊಂಡೆ. ಕೂದಲು ಕಣ್ಣಿಗೆ ಬಿದ್ದಿತ್ತು, ಬೆವರು ಸುರಿಯುತ್ತಿತ್ತು, ನಾಚಿಕೆಗೆಟ್ಟು ಹೇಳುತ್ತೇನೆ, ಬಹಳ ಸುಖವಾಗಿತ್ತು.

ಮಿಸ್ ಯೂಲಾಲಿ ಒಂದು ಬಿಲ್ಲೆಯನ್ನು ಸಾರಿನಲ್ಲದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇಡೀ ಸಾಲು ಉಸಿರು ಬಿಗಿಹಿಡಿಯಿತು.

“ಹೂಂ,” ಎಂದಳು. “ಚೆನ್ನಾಗಿದೆ. ನನ್ನಷ್ಟಲ್ಲ. ಆದ್ರೆ ಚೆನ್ನಾಗಿದೆ.”

ಟೊಬೇಗೋದವರು ಟ್ರಿನಿಡಾಡಿನವರ ಅಡುಗೆಗೆ ಇಷ್ಟು ಹೇಳುವುದೆಂದರೆ ತಲೆಯ ಮೇಲೆ ಕಿರೀಟ ಇಟ್ಟ ಹಾಗೆ. ನಾನು ಬೆಣ್ಣೆಯಂತೆ ಕರಗಿದೆ.

“ಇದೇನ್ ಮಹಾ, ಮಿಸ್ ಯೂಲಾಲಿ! ಕ್ರಿಸ್ಮಸ್‌ಗೆ ನಮ್ಮನೆಗೆ ಬನ್ನಿ. ನನ್ನ ಕೈಯ ಪಾಸ್ಟೆಲ್ ತಿನ್ನಿ, ಆಮೇಲೆ ಮಾತಾಡಿ. ಒಬ್ರೇ ಬರ್ಬೇಡಿ ಮತ್ತೆ, ಮನೆಮಂದಿನೆಲ್ಲ ಕರ್ಕೊಂಡ್ ಬನ್ನಿ!”

ಕೈರುಚಿ ಹೊಗಳಿದವರನ್ನು ಮನೆಗೆ ಕರೆಯುವುದು ನಮ್ಮಲ್ಲಿ ಮರ್ಯಾದೆ. ಸೀನು ಬಂದ ಹಾಗೆ ತಾನಾಗಿ ಬಾಯಿಂದ ಬಂದುಬಿಡುತ್ತದೆ.

“ದುಲಹಿನ್,” ಎಂದು ಹಿಂದಿನಿಂದ ಜೇನು ತೊಟ್ಟಿಕ್ಕುವ ದನಿ ಕೇಳಿಸಿತು. “ಕೈಲಿರೋದೇನು?”

ನೋಡಿಕೊಂಡೆ. ಸೌಟು.

ಮೇಜಿನ ಬಳಿ ವಿಚಾರಣೆ ನಡೆಯಿತು. ಬಸ್ಮತಿ ಕುಣಿಯುವುದೊಂದು ಬಾಕಿ. “ಮುಗೀತು, ಮುಗೀತು! ಹಡಗಿಗೆ ಇನ್ನೂ ಮೂರು ಗಂಟೆ ಇದೆ. ನಾನ್ ಹೇಳ್ಲಿಲ್ವಾ? ನಾನ್ ಹೇಳ್ಲಿಲ್ವಾ ಮಾ?”

ನಾನು ಬಿಡಲಿಲ್ಲ. “ಸೌಟು ಯಾರದ್ದು? ಮಿಸ್ ಯೂಲಾಲಿದು. ಒಲೆ ಅವಳದ್ದು. ತಿಂದೋರು ಊರೋರು. ನಾನು ನಮ್ಮನೆಯೋರಿಗೆ ಒಂದು ಹುಲ್ಲುಕಡ್ಡಿ ಬೇಯಿಸಿಲ್ಲ!”

“ಇವನು ತಿಂತಿದಾನಲ್ಲ!” ಎಂದು ಬಸ್ಮತಿ ತಮ್ಮನ ಕಡೆ ಬೆರಳು ತೋರಿಸಿದಳು. ಲಾಲ್‌ಚನ್ ನಿಜಕ್ಕೂ ಸಾಲಿನಲ್ಲಿ ನಿಂತು ನನ್ನ ಸಾರಿನ ಒಂದು ತಟ್ಟೆ ತಂದಿದ್ದ. ಬಾಯಿ ತುಂಬಿತ್ತು. “ಮೊದ್ಲಿಂದಕ್ಕಿಂತ ಇದೇ ಚೆನ್ನಾಗಿದೆ,” ಎಂದ. ಸಮಯ ನೋಡಿ ಹೇಳುವುದು ಅವನ ಜಾತಕದಲ್ಲೇ ಇಲ್ಲ.

ಆಗ ಮಾ ಬಾಯಿಗೆ ಕೈ ಹಾಕಿ ಎರಡು ದಿನದ ಎಳ್ಳುಂಡೆಯನ್ನು ಹೊರತೆಗೆದು ಕರವಸ್ತ್ರದಲ್ಲಿ ಇಟ್ಟರು.

“ಲಾಲ್, ಆ ತಟ್ಟೆಗೆ ದುಡ್ಡು ಕೊಟ್ಯಾ?”

“ಕೊಟ್ಟೆ, ಮಾ.”

“ದುಡ್ಡು ಕೊಟ್ಟು ತಿಂದ್ರೆ ಅದು ಹೋಟೆಲ್ ಊಟ. ದುಲಹಿನ್ ನಮಗೆ ಅಡುಗೆ ಮಾಡಿಲ್ಲ. ಬಸ್ಮತೀ, ಇಷ್ಟು ವರ್ಷ ಸೋಡಾ ತಂದೆ. ಈ ವರ್ಷ ಹಿಟ್ಟು ಕಲಸು. ಕ್ರಿಸ್ಮಸ್ ನಿನ್ನ ಮನೇಲಿ.”

ನಾನು ಅಲ್ಲೇ ಮರಳಿನ ಮೇಲೆ ಬಗ್ಗಿ ಮಾ ಕಾಲು ಮುಟ್ಟಿದೆ. ಇಷ್ಟು ವರ್ಷದಲ್ಲಿ ಆ ಮುದುಕಿ ನನ್ನ ಪರವಾಗಿ ಒಂದು ಮಾತು ಆಡಿದ್ದು ಅದೇ ಮೊದಲು. ಬಸ್ಮತಿ ಬೆರಳು ಮಡಿಚಿ ಬಾಳೆಲೆ ಲೆಕ್ಕ ಹಾಕತೊಡಗಿದಳು.

ಅಷ್ಟರಲ್ಲಿ ಮಿಸ್ ಯೂಲಾಲಿ ಕೈ ಒರೆಸಿಕೊಳ್ಳುತ್ತ, ಕಿವಿಯಿಂದ ಫೋನು ಇಳಿಸುತ್ತ ನಮ್ಮ ಮೇಜಿಗೇ ಬಂದಳು.

“ನನ್ ತಂಗಿಗೆ ಫೋನ್ ಮಾಡ್ದೆ, ಮಿಂತ್ರಾ. ಕುಣಿದಾಡ್ಬಿಟ್ಳು. ಅವಳು, ಅವಳ ಗಂಡ, ಮಕ್ಕಳು, ನನ್ ಮಕ್ಕಳು, ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ಹನ್ನೊಂದ್ ಜನ ಆಗ್ತೀವಿ. ಇಪ್ಪತ್ನಾಲ್ಕಕ್ಕೆ ಹಡಗು ಹತ್ತೋದು, ಇಪ್ಪತ್ತೇಳಕ್ಕೆ ವಾಪಸ್. ಮನೆ ಎಲ್ಲಿ ಹೇಳು.”

“ಯಾರ ಮನೆ?” ಎಂದಳು ಬಸ್ಮತಿ.

“ಇವಳ ಮನೆ. ಕ್ರಿಸ್ಮಸ್‌ಗೆ. ಅಷ್ಟು ಜನರ ಮುಂದೆ ಕರೆದ್ಲಲ್ಲ.”

ಕರೆಯುವುದು ಹೇಗೆ ಮರ್ಯಾದೆಯೋ, ಕರೆದ ಮಾತ್ರಕ್ಕೆ ಬಂದುಬಿಡದಿರುವುದೂ ಹಾಗೇ ಮರ್ಯಾದೆ ಎಂದು ಕೂವಾದಲ್ಲಿ ಎಲ್ಲರಿಗೂ ಗೊತ್ತು. ಮರ್ಯಾದೆಯ ಆ ಉಳಿದರ್ಧ ಭಾಗ ಸಮುದ್ರ ದಾಟಿ ಟೊಬೇಗೋಗೆ ಬಂದಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಮಾ ಕಡೆ ನೋಡಿದೆ.

“ಕರೆದ್ಯಾ?” ಎಂದರು ಮಾ.

“ಬಾಯಿಮಾತಿಗೆ...”

“ಕರೆದ್ಯಾ, ಇಲ್ವಾ?”

“ಕರೆದೆ.”

“ನಿನ್ ಮನೆಗೆ ಕರೆದೋರನ್ನ ಇನ್ನೊಬ್ಬರ ಮನೆಗೆ ಕಳಿಸಕ್ಕಾಗುತ್ತಾ? ಹನ್ನೊಂದ್ ಜನಕ್ಕೆ ಬೇಯ್ಸೋ ಒಲೇಲಿ ನಲವತ್ತೆರಡು ಜನಕ್ಕೂ ಬೇಯುತ್ತೆ. ನಾವೂ ಅಲ್ಲಿಗೇ ಬರ್ತೀವಿ.” ಅಷ್ಟು ಹೇಳಿ ಕರವಸ್ತ್ರ ಬಿಚ್ಚಿ ಎಳ್ಳುಂಡೆಯನ್ನು ಮತ್ತೆ ದವಡೆಗಿಟ್ಟರು. ನ್ಯಾಯಾಲಯ ಮುಚ್ಚಿತು.

ಬಸ್ಮತಿ ನನ್ನ ಬೆನ್ನು ತಟ್ಟಿದಳು. “ಸೋಡಾ ನಾನು ಎರಡು ಬಾಟ್ಲಿ ತರ್ತೀನಿ, ದುಲಹಿನ್.”

ನನಗೆ ಒಂದೇ ಒಂದು ಆಸೆ ಉಳಿದಿತ್ತು. ಬರುವವಳೂ ಅಡುಗೆಯವಳಲ್ಲವೇ? ಅಷ್ಟು ದೊಡ್ಡ ಕೈ, ಮೂವತ್ತು ವರ್ಷದ ಅನುಭವ. ಮಿಸ್ ಯೂಲಾಲಿಯ ಕೈ ಹಿಡಿದುಕೊಂಡೆ.

“ನೀವೂ ಒಲೆಗೆ ಒಂದ್ ಕೈ ಕೊಡ್ತೀರಲ್ಲ?”

ಆಕೆ ತೆಂಗಿನ ಹಾಲಿನ ವಾಸನೆಯ ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು, ಸಮುದ್ರದ ಕಡೆ ನೋಡುತ್ತ ನಿಟ್ಟುಸಿರು ಬಿಟ್ಟಳು.

“ಇಲ್ಲ ಕಣಮ್ಮ. ಮೂವತ್ತು ವರ್ಷ ಊರಿಗೆಲ್ಲ ಬೇಯಿಸಿ ಹಾಕಿ ಸಾಕಾಗಿದೆ. ಈ ಸಲ ರಜೆ ಅಂದ್ರೆ ರಜೆ. ಆ ನಾಲ್ಕು ದಿನ ನಾನು ಸೌಟು ಮುಟ್ಟಲ್ಲ. ನೀನು ಹೀಗೆ ಹೋಟೆಲಲ್ಲಿ ತಿನ್ಕೊಂಡು, ಟೋಪಿ ಹಾಕ್ಕೊಂಡು ಓಡಾಡೋಳು, ಆ ಕಷ್ಟ ನಿಂಗೆ ಗೊತ್ತಾಗಲ್ಲ ಬಿಡು.”

ಕೂವಾ ಪೇಟೆ ದಾಟಿ ಎಡಕ್ಕೆ, ಹಸಿರು ಗೇಟಿನ ಮನೆ ಎಂದು ವಿಳಾಸ ಹೇಳಿದೆ.